ವರ್ನೆಲ್‌ನ ಎಡಗೈ

ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಮೇಲೆ ಹೆಕ್ಕಿಕೊಳ್ಳುವ ಡ್ರಾಫ್ಟ್‌ನ ಕೊನೆಯ ದಿನ ಲೂಶಿಯನ್ ಗಿಲೊರಿಯ ಹಿತ್ತಲಲ್ಲಿ ನಮ್ಮ ಬೀದಿಯ ಅರ್ಧ ಜನ ಸೇರಿದ್ದೆವು. ಟಿವಿಯನ್ನು ಹೊರಗೆ ತಂದು ಪೆಕಾನ್ ಮರದ ಕೆಳಗೆ ಇಟ್ಟಿದ್ದರು. ಲೂಶಿಯನ್ನನ ಸೋದರಮಾವ ರಾಫೆಲ್ ದೊಡ್ಡ ಹಂಡೆಯಲ್ಲಿ ಕ್ರಾಫಿಶ್ ಎಂಬ ಹೊಳೆಸೀಗಡಿ ಬೇಯಿಸುತ್ತಿದ್ದ. ಖಾರದ ಹಬೆಗೆ ಎಲ್ಲರ ಕಣ್ಣಲ್ಲೂ ನೀರು. ಮೇಜಿನ ಮೇಲೆ ಲೂಶಿಯನ್ ಹೆಸರು ಬರೆದ ಕೇಕು ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು.

ಲೂಶಿಯನ್ ಆಯ್ಕೆಯಾಗುತ್ತಾನೆ ಎನ್ನುವುದರಲ್ಲಿ ನಮ್ಮೂರು ವಿಲ್ ಪ್ಲಾಟ್‌ನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎದುರು ತಂಡದವರ ಬೆನ್ನಿಗೆ ಬಿದ್ದು, ಅವರ ಕೈಗೆ ಬರುವ ಚೆಂಡನ್ನು ತಡೆಯುವುದು ಅವನ ಕೆಲಸ. ಕಾಲೇಜಿನಲ್ಲಿ ಎರಡು ವರ್ಷ ನಾಯಕನಾಗಿದ್ದ. ನಮ್ಮೂರ ಕ್ಷೌರದಂಗಡಿಯ ಗೋಡೆಯ ಮೇಲೆ ಅವನ ಫೋಟೋ ಅದಾಗಲೇ ನೇತಾಡುತ್ತಿತ್ತು. ಮೊದಲ ಸುತ್ತುಗಳಲ್ಲಿ ಅಲ್ಲದಿದ್ದರೂ ಕೊನೆಯ ಸುತ್ತಿನಲ್ಲಂತೂ ಹೆಸರು ಬಂದೇ ಬರುತ್ತದೆ ಎಂದು ಅವನೂ ನಂಬಿದ್ದ, ನಾವೂ ನಂಬಿದ್ದೆವು.

ಅವನ ಗೆಳೆಯ ವರ್ನೆಲ್ ಟಿಬೊ ಅಂದು ಬಂದದ್ದು ಕುರ್ಚಿ ಹಾಕುವುದಕ್ಕೆ. ಇಬ್ಬರೂ ಒಂದೇ ಬೀದಿಯವರು. ವರ್ನೆಲ್‌ನ ತಾಯಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಸಂಜೆ ಪಾಳಿ ಮಾಡುತ್ತಿದ್ದುದರಿಂದ ಅವನು ಉಂಡು ಬೆಳೆದದ್ದೆಲ್ಲ ಲೂಶಿಯನ್ ಮನೆಯಲ್ಲೇ. ಲೂಶಿಯನ್ನನ ತಾಯಿ ಕ್ಲೋಟಿಲ್ಡ್‌ಳನ್ನು ದೊಡ್ಡಮ್ಮ ಎನ್ನುತ್ತಿದ್ದ. ಓಡಿಹೋಗಿ ಚೆಂಡು ಹಿಡಿಯುವುದು ಅವನ ಆಟ. ಲೂಶಿಯನ್ನನದೇ ಕಾಲೇಜಿನ ತಂಡದಲ್ಲಿದ್ದರೂ ಅವನಿಗಿಂತ ಮುಂದೆ ದೊಡ್ಡ ದೊಡ್ಡವರಿದ್ದರು. ಹೀಗಾಗಿ ಹೆಚ್ಚಿನ ಪಂದ್ಯಗಳಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಕೊನೆಯ ವರ್ಷ ಮಾತ್ರ ಒಂದಿಷ್ಟು ಆಡಿದ್ದ.

ಸಂಜೆಯ ಹೊತ್ತಿಗೆ ಟಿವಿಯಲ್ಲಿ ಕೊನೆಯ ಹೆಸರು ಓದಿದರು. ಅದು ಯಾರೋ ಐಡಹೊ ಕಡೆಯ ಹುಡುಗನದು. ರಾಫೆಲ್ ಮಾವ ಸೌಟು ಕೆಳಗಿಟ್ಟು, "ಇರ್ಲಿ ಬಿಡ್ರೋ, ಇನ್ನೂ ಮುಗಿದಿಲ್ಲ. ಹೆಸರು ಓದಿ ಆದ್ಮೇಲೆನೇ ಉಳಿದೋರಿಗೆ ಫೋನ್ ಬರೋದು. ನೋಡ್ತಾ ಇರಿ," ಎಂದ.

ಅದು ನಿಜವೂ ಹೌದು. ಹೆಸರು ಬಾರದವರನ್ನು ತಂಡಗಳು ಆ ಗಳಿಗೆಯಲ್ಲೇ ಫೋನ್ ಮಾಡಿ ಬಾಚಿಕೊಳ್ಳುತ್ತವೆ. ಎಲ್ಲರೂ ಲೂಶಿಯನ್ನನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೂತೆವು.

ಫೋನ್ ಬಂತು. ಲೂಶಿಯನ್ ಬೆಚ್ಚಿ ತನ್ನದನ್ನು ಕಿವಿಗಿಟ್ಟುಕೊಂಡ. ಅದು ಸುಮ್ಮನಿತ್ತು. ಶಬ್ದ ಬರುತ್ತಿದ್ದದ್ದು ಜೋಳದ ತೆನೆ ಸುಲಿಯುತ್ತ ಕೂತಿದ್ದ ವರ್ನೆಲ್‌ನ ಜೇಬಿನಿಂದ.

ವರ್ನೆಲ್ ಎದ್ದು ಟ್ರಕ್ಕಿನ ಹಿಂದಕ್ಕೆ ಹೋದ. "ಹೌದು ಸರ್... ಆಗ್ಲಿ ಸರ್..." ಎನ್ನುವುದಷ್ಟೇ ಕೇಳಿಸಿತು. ವಾಪಸು ಬಂದಾಗ ನಗು ಬಾರದಂತೆ ತುಟಿ ಬಿಗಿಹಿಡಿದಿದ್ದ. ಆದರೆ ಅಂಥ ನಗುವನ್ನು ಯಾರು ತಾನೆ ಮುಚ್ಚಿಡಲು ಸಾಧ್ಯ?

"ಯಾರೋ ಅದು?" ಎಂದಳು ಕ್ಲೋಟಿಲ್ಡ್.

"ಉತ್ತರದ ಕಡೆ ತಂಡ, ದೊಡ್ಡಮ್ಮ. ಕ್ಯಾಂಪಿಗೆ ಬಾ ಅಂದ್ರು. ಸಹಿ ಹಾಕಿಸ್ಕೋತಾರಂತೆ."

ಕ್ಲೋಟಿಲ್ಡ್ ಒಂದು ಕ್ಷಣ ಮಗನ ಕಡೆ ನೋಡಿದಳು. ಆಮೇಲೆ ವರ್ನೆಲ್‌ನನ್ನು ಎಳೆದು ಅಪ್ಪಿಕೊಂಡಳು. ಅದು ಅಪ್ಪಿಕೊಳ್ಳಬೇಕಾದ್ದೇ. ಆದರೆ ತಾಯಿಯ ಎರಡು ತೋಳೂ ಇನ್ನೊಬ್ಬನ ಬೆನ್ನ ಮೇಲಿದ್ದದ್ದನ್ನು ಕಂಡಾಗ ಲೂಶಿಯನ್ನನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಜನ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ. ಯಾರೋ ಚಿಕ್ಕಮ್ಮ, "ಕೇಕ್ ಹೇಗೂ ಇದೆಯಲ್ಲ, ವರ್ನೆಲ್ ಕೈಲಿ ಕುಯ್ಸಿ," ಎಂದುಬಿಟ್ಟಳು.

"ಅಯ್ಯೋ, ಬೇಡ," ಎಂದ ವರ್ನೆಲ್.

"ಕುಯ್ಯೋ. ನನ್ನ ಹೆಸರು ತಾನೆ, ಸಕ್ಕರೇಲಿ ಬರ್ದಿರೋದು. ಕರಗುತ್ತೆ," ಎಂದ ಲೂಶಿಯನ್. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಮರುದಿನ ಲೂಶಿಯನ್ನನಿಗೂ ಫೋನ್ ಬಂತು, ಅದೇ ತಂಡದಿಂದ. ಆದರೆ ಸಹಿಗಲ್ಲ. ಹೊಸಬರ ಮೂರು ದಿನದ ಕ್ಯಾಂಪಿಗೆ ಬಂದು ಆಡಿ ತೋರಿಸಬೇಕು, ಹಿಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾತು ಮುಗಿಸುವ ಮುನ್ನ ಆ ಕಡೆಯವನು, "ನಿನ್ನ ದೋಸ್ತು ಟಿಬೊಗೆ ಥ್ಯಾಂಕ್ಸ್ ಹೇಳಪ್ಪ. ಆಟದಲ್ಲಿ ನಿಂಗೆ ಅತಿ ಕಷ್ಟ ಕೊಟ್ಟೋನು ಯಾರು ಅಂತ ಅವನನ್ನ ಕೇಳಿದ್ವಿ. ನಿನ್ನ ಹೆಸರು ಹೇಳ್ದ," ಎಂದ.

ಇಷ್ಟು ದಿನ ತನ್ನ ಹಳೆಯ ಬೂಟು ಹಾಕಿಕೊಂಡು ಓಡಾಡಿದವನ ಶಿಫಾರಸಿನ ಮೇಲೆ ತಾನು ಹೋಗಬೇಕು. ಫೋನ್ ಬಾರದಿದ್ದರೇ ಚೆನ್ನಾಗಿತ್ತು ಎಂದುಕೊಂಡ. ಆದರೂ ಹೋದ.

ಮೇ ತಿಂಗಳಾದರೂ ಆ ಉತ್ತರದ ಊರಿನಲ್ಲಿ ಸರೋವರದ ಕಡೆಯಿಂದ ಮೂಳೆ ಕೊರೆಯುವ ಗಾಳಿ. ಸಹಿ ಹಾಕಿದವರಿಗೆ ಹೆಸರು ಬರೆದ ಕಪಾಟುಗಳಿದ್ದವು. ಆಡಿ ತೋರಿಸಲು ಬಂದವರಿಗೆ ಕೋಣೆಯ ನಡುವೆ ಮಡಚುವ ಕುರ್ಚಿಗಳು. ಲೂಶಿಯನ್ ತನ್ನ ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟುವಾಗ ಟಿಬೊ ಎಂಬ ಅಕ್ಷರಗಳು ಸರಿಯಾಗಿ ಅವನ ಕಣ್ಣೆದುರಿಗಿದ್ದವು. ವರ್ನೆಲ್ ತನಗೆ ಕೊಟ್ಟ ಎರಡು ಜೊತೆ ಕೈಗವಸಿನಲ್ಲಿ ಒಂದನ್ನು ಅವನತ್ತ ಎಸೆದ.

"ಹಾಕ್ಕೋ ಮಗಾ. ಇಲ್ಲಿ ಕೈ ಸೆಟೆದುಹೋಗುತ್ತೆ."

"ನಿಂಗೆ?"

"ಅಯ್ಯೋ, ಇವ್ರು ಕೇಳಿದಷ್ಟು ಕೊಡ್ತಾರೆ ಕಣೋ."

ಅವನು ಸಹಜವಾಗಿಯೇ ಹೇಳಿದ್ದ. ಲೂಶಿಯನ್ನನಿಗೆ ಮಾತ್ರ ಅದು ಜಂಬದಂತೆ ಕೇಳಿಸಿತು.

ಮೈದಾನದಲ್ಲಿ ಚೆಂಡು ಹಿಡಿಯುವವರದೊಂದು ಸಾಲು, ತಡೆಯುವವರದೊಂದು ಸಾಲು. ಒಬ್ಬನಿಗೆ ಒಬ್ಬ. ವರ್ನೆಲ್‌ನ ಸರದಿ ಬಂದಾಗ ಲೂಶಿಯನ್ ತನ್ನ ಮುಂದಿದ್ದವನನ್ನು ಹೆಗಲಿನಿಂದ ಸರಿಸಿ ಎದುರು ಬಂದು ನಿಂತ.

ವರ್ನೆಲ್‌ಗೆ ಹುಡುಗತನದಿಂದಲೂ ಒಂದು ಅಭ್ಯಾಸವಿತ್ತು. ಒಳಕ್ಕೆ, ಮೈದಾನದ ನಡುವಿನತ್ತ ತಿರುಗಿ ಓಡುವುದಿದ್ದರೆ ಹೊರಡುವ ಮುನ್ನ ಅವನ ಎಡಗೈ ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು. ನೇರಕ್ಕೋ ಹೊರಕ್ಕೋ ಓಡುವುದಿದ್ದರೆ ಮುಷ್ಟಿ ಮುಚ್ಚಿರುತ್ತಿತ್ತು. ಇದು ವರ್ನೆಲ್‌ಗೇ ಗೊತ್ತಿರಲಿಲ್ಲ. ಲೂಶಿಯನ್ನನಿಗೆ ಗೊತ್ತಿತ್ತು. ಅವರು ಚರ್ಚಿನ ಹಿಂದಿನ ಬಯಲಲ್ಲಿ ಆಡುತ್ತಿದ್ದ ಕಾಲದಿಂದಲೇ ಗೊತ್ತಿತ್ತು.

ಬೆರಳು ಬಿಚ್ಚಿದವು. ಲೂಶಿಯನ್ ಒಳಕ್ಕೆ ಹಾರಿ ಚೆಂಡನ್ನು ಗಾಳಿಯಲ್ಲೇ ಕಸಿದುಕೊಂಡ. ಕೋಚು ಸೀಟಿ ಊದಿ, "ಯಾರದು ಅವನು?" ಎಂದು ಕೇಳಿದ. ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಲೂಶಿಯನ್ನನಿಗೆ ಹೆಂಡ ಕುಡಿದಂತಾಯಿತು. ಮತ್ತೆ ಸಾಲಿನಲ್ಲಿ ಸರಿಸಿಕೊಂಡು ಬಂದ. ಮತ್ತೆ ವರ್ನೆಲ್, ಮತ್ತೆ ಚೆಂಡು ಇವನ ಕೈಯಲ್ಲಿ.

"ಏನೋ, ಹೆಂಡ್ತಿ ಥರ ನನ್ನ ಹಿಂದೇನೇ ಬಿದ್ದಿದ್ದೀಯಲ್ಲ!" ಎಂದು ವರ್ನೆಲ್ ಮೊದಲ ದಿನ ನಕ್ಕ.

ಎರಡನೆಯ ದಿನ ನಗಲಿಲ್ಲ. ಅವನು ಓಡುವ ಮೊದಲೇ ಲೂಶಿಯನ್ ಅಲ್ಲಿ ಹೋಗಿ ನಿಂತಿರುತ್ತಿದ್ದ. ಕೋಚು ವರ್ನೆಲ್‌ನ ಹೆಸರು ಕೂಗುವ ಧಾಟಿಯೇ ಬದಲಾಯಿತು. ಮಧ್ಯಾಹ್ನ ಊಟದ ಕೋಣೆಯಲ್ಲಿ ವರ್ನೆಲ್ ತಟ್ಟೆ ತಂದು ಲೂಶಿಯನ್ನನ ಎದುರಿಗೆ ಕೂತ. ಕೋಳಿಯ ತುಂಡನ್ನು ಚೂರಿಯಿಂದ ಕೊಚ್ಚುತ್ತಿದ್ದನೇ ಹೊರತು ಬಾಯಿಗಿಡಲಿಲ್ಲ.

"ಲೂಶಿ, ನಾನೇನು ತಪ್ಪು ಮಾಡ್ತಿದ್ದೀನೋ?"

"ಯಾಕೆ?"

"ಬೇರೆಯವ್ರ ಎದುರು ಪರವಾಗಿಲ್ಲ. ನಿನ್ನೆದುರು ಮಾತ್ರ ಬೆತ್ತಲೆ ನಿಂತಂಗೆ ಆಗುತ್ತೆ. ನನ್ನ ಆಟ ನನಗಿಂತ ನಿಂಗೆ ಗೊತ್ತು. ಏನಾದ್ರೂ ಕಾಣ್ತಿದ್ರೆ ಹೇಳೋ. ಬೇಕಾದ್ರೆ ಕಾಲು ಹಿಡೀತೀನಿ."

ಹೇಳಲು ಒಂದೇ ಮಾತು ಸಾಕಾಗಿತ್ತು. ಆ ಮಾತು ಲೂಶಿಯನ್ನನ ನಾಲಿಗೆಯ ತನಕ ಬಂದಿತ್ತು. ಆದರೆ ಅವನ ಕಣ್ಣೆದುರು ಬಂದದ್ದು ಪೆಕಾನ್ ಮರ, ಕೇಕು, ತಾಯಿಯ ತೋಳುಗಳು.

"ಏನೂ ಇಲ್ವೋ. ಹೊಸ ಜಾಗ, ಚಳಿ. ಸರಿಹೋಗುತ್ತೆ," ಎಂದ. ಹೇಳಿ ರೊಟ್ಟಿಗೆ ಬೆಣ್ಣೆ ಸವರಿಕೊಂಡ.

ಕೊನೆಯ ದಿನ ಯಾರೂ ಅಡ್ಡ ಬಾರದಿದ್ದಾಗಲೂ ವರ್ನೆಲ್‌ನ ಕೈಯಿಂದ ಚೆಂಡು ಜಾರತೊಡಗಿತು. ತನ್ನ ಮೇಲಿನ ನಂಬಿಕೆಯೇ ಹೋದವನಂತೆ ಓಡುತ್ತಿದ್ದ. ಅವನು ಸೋಲುವುದನ್ನು ನೋಡಿದರೆ ತನ್ನ ಉರಿ ಆರುತ್ತದೆ ಎಂದುಕೊಂಡಿದ್ದ ಲೂಶಿಯನ್. ಆರಲಿಲ್ಲ.

ಮಧ್ಯಾಹ್ನ ಲೂಶಿಯನ್ನನನ್ನು ಮಾಳಿಗೆಗೆ ಕರೆಸಿದರು. ತಂಡಕ್ಕೆ ತೆಗೆದುಕೊಂಡಿದ್ದೇವೆ ಎಂದು ಹೇಳಿ ಸಹಿ ಹಾಕಿಸಿಕೊಂಡರು. ಇರುವ ಜಾಗಗಳೆಲ್ಲ ಭರ್ತಿ. ಒಬ್ಬ ಒಳಗೆ ಬಂದರೆ ಒಬ್ಬ ಹೊರಗೆ ಹೋಗಲೇಬೇಕು. ಹೊರಗೆ ಹೋದವನು ಯಾರು ಎಂದು ಅವನು ಕೇಳಲಿಲ್ಲ. ಮೆಟ್ಟಿಲಿಳಿದು ಬಂದರೆ ಓಣಿಯಲ್ಲಿ ವರ್ನೆಲ್ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದ.

"ನನ್ನ ಜಾಗ ಇನ್ನೂ ಬಿಸಿ ಆರಿಲ್ಲ, ಹೋಗಿ ಕೂತ್ಕೋ," ಎಂದ.

"ವರ್ನೆಲ್, ನಾನೇನೂ..."

"ವಿಡಿಯೋ ತೋರಿಸಿದ್ರು ಕಣೋ. ಕಳಿಸೋಕೆ ಮುಂಚೆ, ಪಾಪ, ಒಳ್ಳೆ ಮನುಷ್ಯ ಆ ಕೋಚು. ಎಡಗೈ ನೋಡು ಅಂದ. ನೋಡಿದೆ. ಸಣ್ಣ ಮಗೂಗೂ ಕಾಣುತ್ತೆ." ವರ್ನೆಲ್ ತನ್ನ ಎಡಗೈ ಎತ್ತಿ ಬೆರಳು ಬಿಚ್ಚಿದ, ಮುಚ್ಚಿದ. "ನಿಂಗೆ ಯಾವಾಗಿಂದ ಗೊತ್ತು?"

ಲೂಶಿಯನ್ ಕೈಯಲ್ಲಿದ್ದ ಒಪ್ಪಂದದ ಕಾಗದವನ್ನು ಮಡಚಿ ಜೇಬಿಗಿಟ್ಟ.

"ಮೈದಾನದಲ್ಲಿ ಏನು ಬೇಕಾದ್ರೂ ಮಾಡು, ಅದು ಆಟ. ನನ್ನ ಹಲ್ಲು ಉದುರಿಸಿದ್ರೂ ನಾನು ಕೇಳ್ತಿರ್ಲಿಲ್ಲ. ಆದ್ರೆ ಊಟದ ಮುಂದೆ ಕೂತು ನಿನ್ನ ಕೇಳಿದ್ನಲ್ಲೋ. ಬಾಯಿಬಿಟ್ಟು ಕೇಳಿದ್ನಲ್ಲ."

ಇಷ್ಟು ಹೇಳಿ ಅವನು ಹೋದ. ಲೂಶಿಯನ್ ಒಳಗೆ ಹೋದಾಗ ಆಳೊಬ್ಬ ಕಪಾಟಿನ ಮೇಲಿನ ಹೆಸರನ್ನು ಬ್ಲೇಡಿನಿಂದ ಕೆರೆಯುತ್ತಿದ್ದ.

ಇಲ್ಲಿಗೆ ಮುಗಿದಿದ್ದರೆ ಗೆದ್ದವನೊಬ್ಬ, ಸೋತವನೊಬ್ಬ ಎಂದು ನಾವೂ ಮರೆಯುತ್ತಿದ್ದೆವು. ಆದರೆ ಹೊಟ್ಟೆಕಿಚ್ಚಿಗೆ ಗೆಲುವೂ ಸೌದೆಯೇ. ವರ್ನೆಲ್ ಊರಿಗೆ ಬಂದ. ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ರಾಫೆಲ್ ಮಾವನ ಜೊತೆ ಮನೆಗಳಿಗೆ ತಗಡು ಹೊದಿಸುವ ಕೆಲಸಕ್ಕೆ ಹೋದ, ಭಾನುವಾರ ಚರ್ಚು ಮುಗಿಸಿ ಕ್ಲೋಟಿಲ್ಡ್ ಮನೆಯಲ್ಲಿ ಉಂಡ. ಉತ್ತರದಿಂದ ಲೂಶಿಯನ್ ಫೋನ್ ಮಾಡಿದಾಗಲೆಲ್ಲ ಹಿಂದುಗಡೆ ಅವನ ನಗು ಕೇಳಿಸುತ್ತಿತ್ತು.

"ಅವ್ನು ಅಲ್ಲೇ ಇದ್ದಾನಾ?"

"ಇನ್ನೆಲ್ಲಿ ಇರ್ತಾನೆ? ಅಡುಗೆಮನೆ ನಲ್ಲಿ ರಿಪೇರಿ ಮಾಡ್ತಿದ್ದಾನೆ. ಮಾತಾಡ್ತೀಯಾ?"

"ಬೇಡ. ಹೊರಡ್ಬೇಕು."

ತಾನು ದೊಡ್ಡ ತಂಡದ ಅಂಗಿ ತೊಟ್ಟಿದ್ದೇನೆ, ಅವನು ನಲ್ಲಿ ಬಿಗಿಯುತ್ತಿದ್ದಾನೆ. ಆದರೂ ಲೂಶಿಯನ್ನನಿಗೆ ಆ ಅಡುಗೆಮನೆಯಲ್ಲಿ ತನ್ನ ಜಾಗವನ್ನೇ ಯಾರೋ ಕದ್ದಂತೆ ಅನಿಸುತ್ತಿತ್ತು.

ಜೂನ್‌ನಲ್ಲಿ ಕೆನಡಾದ ತಂಡವೊಂದು ವರ್ನೆಲ್‌ನನ್ನು ಕರೆಸಿಕೊಂಡಿತು. ಆಗಸ್ಟ್ ಕೊನೆಗೆ ಲೂಶಿಯನ್ನನ ತಂಡ ಅವನನ್ನು ಮುಖ್ಯ ಪಟ್ಟಿಯಿಂದ ತೆಗೆದು ಅಭ್ಯಾಸದವರ ಗುಂಪಿಗೆ ಹಾಕಿತು. ವಾರವಿಡೀ ಎದುರು ತಂಡದ ಆಟಗಾರರಂತೆ ನಟಿಸಿ ಏಟು ತಿನ್ನಬೇಕು, ಪಂದ್ಯದ ದಿನ ಮಾಮೂಲಿ ಬಟ್ಟೆ ತೊಟ್ಟು ಅಂಚಿನಲ್ಲಿ ನಿಲ್ಲಬೇಕು. ಹಾಗೆ ನಿಂತು ಬಂದ ಸಂಜೆಗಳಲ್ಲಿ ಅವನು ಫೋನಿನಲ್ಲಿ ಕೆನಡಾದ ಪಂದ್ಯ ಹಾಕಿಕೊಳ್ಳುತ್ತಿದ್ದ. ಅಲ್ಲಿ ವರ್ನೆಲ್ ಓಡುತ್ತಿದ್ದ. ಎಡಗೈ ಮುಷ್ಟಿ ಒಮ್ಮೆಯೂ ಬಿಚ್ಚುತ್ತಿರಲಿಲ್ಲ. ಒಮ್ಮೆ ಅವನು ಚೆಂಡು ಹಿಡಿದು ಅಂಕ ಗಳಿಸಿದಾಗ ಹುಲ್ಲುಬಣ್ಣದ ಅಂಗಿ ತೊಟ್ಟ ಸಾವಿರಾರು ಜನ ಎದ್ದು ನಿಂತರು. ಲೂಶಿಯನ್ ಫೋನನ್ನು ಹಾಸಿಗೆಯ ಮೇಲೆ ಕುಕ್ಕಿದ. ಮತ್ತೆ ಎತ್ತಿಕೊಂಡು ಅದೇ ಓಟವನ್ನು ಇನ್ನೊಮ್ಮೆ ನೋಡಿದ.

ಜನವರಿಯಲ್ಲಿ ಅವನ ತಂಡದ ಋತು ಮುಗಿಯಿತು. ಊರಿಗೆ ಬಂದ ಮೊದಲ ಶನಿವಾರ ಬೆಳಿಗ್ಗೆ ತಾಯಿ ಅವನನ್ನು ಬೂಡಾನ್ ತರಲು ಕಳಿಸಿದಳು. ಅನ್ನ ಮತ್ತು ಹಂದಿಮಾಂಸ ತುಂಬಿದ ಆ ಬಿಸಿ ಸಾಸೇಜಿಗೆ ನಮ್ಮೂರ ಅಂಗಡಿಯ ಮುಂದೆ ಶನಿವಾರ ಯಾವಾಗಲೂ ಸಾಲು. ನಾನೂ ಆ ಸಾಲಿನಲ್ಲಿದ್ದೆ. ಲೂಶಿಯನ್ ಬಂದು ನಿಂತ ಮೇಲೆಯೇ ತನ್ನ ಮುಂದಿದ್ದ ಅಗಲ ಬೆನ್ನು ಯಾರದೆಂದು ನೋಡಿದ. ವರ್ನೆಲ್ ತಿರುಗಿದ. ಸಾಲಿನಲ್ಲಿದ್ದ ನಾವೆಲ್ಲ ಚಳಿಯ ಬಗ್ಗೆ ಜೋರಾಗಿ ಮಾತಾಡತೊಡಗಿದೆವು, ಕಿವಿ ಮಾತ್ರ ಅತ್ತಲೇ.

"ಹೇಗಿದ್ದೀಯ?" ಎಂದ ಲೂಶಿಯನ್.

"ಚೆನ್ನಾಗಿದ್ದೀನಿ. ನೀನು?"

"ಅಂಚಲ್ಲಿ ನಿಂತಿದ್ದೀನಿ." ಲೂಶಿಯನ್ನೇ ಮತ್ತೆ ಕೇಳಿದ, "ಅಷ್ಟು ಜನ ಒಟ್ಟಿಗೆ ಕೂಗಿದಾಗ ಹೇಗಿರುತ್ತೋ?"

ವರ್ನೆಲ್ ಅವನ ಮುಖವನ್ನೇ ನೋಡಿದ. "ನಿಜ ಹೇಳ್ಲಾ? ಚೆನ್ನಾಗಿರುತ್ತೆ. ಬಹಳ ಚೆನ್ನಾಗಿರುತ್ತೆ."

"ನಂಗೆ ಹೊಟ್ಟೆ ಉರೀತು ವರ್ನೆಲ್. ಆವತ್ತು ನಿನ್ನ ಫೋನ್ ಬಂದಾಗಿಂದ. ಈಗ್ಲೂ ಉರೀತಿದೆ. ಅದಕ್ಕೇ ಸುಳ್ಳು ಹೇಳ್ದೆ."

"ಗೊತ್ತು. ಮೂರು ವರ್ಷ ಬೆಂಚಿನ ಮೇಲೆ ಕೂತು ನಿನ್ನ ನೋಡ್ದೋನು ನಾನು. ನಿನ್ನ ಫೋಟೋ ಅಂಗಡಿ ಗೋಡೆ ಮೇಲೆ ಹಾಕಿದ ದಿನ ನಾನು ತಲೆ ಕೂದಲು ಕತ್ತರಿಸ್ಕೊಳ್ದೆ ವಾಪಸ್ ಬಂದೆ. ಉರಿ ಅಂದ್ರೇನು ಅಂತ ನಂಗೆ ಕಲಿಸ್ಬೇಡ." ಅವನ ದನಿ ಗಡುಸಾಯಿತು. "ಆದ್ರೂ ಅವ್ರು ಕೇಳಿದಾಗ ನಿನ್ನ ಹೆಸರೇ ಹೇಳ್ದೆ."

ಲೂಶಿಯನ್ ತಲೆ ತಗ್ಗಿಸಿದ. ಕ್ಷಮಿಸು ಎಂದನೋ ಏನೋ, ನಮಗೆ ಕೇಳಿಸಲಿಲ್ಲ. ಅಂಗಡಿಯಾಕೆ ಕಿಟಕಿಯಿಂದ, "ಮುಂದೆ ಬನ್ರೋ, ಹಿಂದೆ ಜನ ಹಸ್ಕೊಂಡಿದ್ದಾರೆ!" ಎಂದು ಗದರಿದಳು.

ವರ್ನೆಲ್ ತನ್ನ ಪೊಟ್ಟಣ ತೆಗೆದುಕೊಂಡ. ಕಾಗದದಿಂದ ಎಣ್ಣೆ ಒಸರಿ ಕೈ ಸುಡುತ್ತಿತ್ತು. ಹೊರಡುವವನು ನಿಂತು, "ದೊಡ್ಡಮ್ಮಂಗೆ ಹೇಳು, ನಾಳೆ ಊಟಕ್ಕೆ ಬರ್ತೀನಿ," ಎಂದ.

"ಹೇಳ್ತೀನಿ. ನಾನು ಬೇಕಾದ್ರೆ ಆ ಹೊತ್ತಿಗೆ ಹೊರಗೆಲ್ಲಾದ್ರೂ..."

"ಮನೇಲೇ ಇರು. ನೀನಿದ್ದೀಯ ಅಂತ ನಾನು ಊಟ ಬಿಡೋನಲ್ಲ."

ಭಾನುವಾರ ಅವನು ಬಂದ. ಇಬ್ಬರೂ ಒಂದೇ ಮೇಜಿಗೆ ಕೂತರು. ಕ್ಲೋಟಿಲ್ಡ್ ಮೊದಲ ಸೌಟು ವರ್ನೆಲ್‌ನ ತಟ್ಟೆಗೆ ಹಾಕಿದಳು. ಲೂಶಿಯನ್ ಅದನ್ನು ನೋಡಿದ, ನೋಡಿ ತನ್ನ ತಟ್ಟೆ ಮುಂದೆ ಚಾಚಿದ.