ಕಂಬದ ಮೇಲಿನ ಕೂಗು

“ನದಿಯ ನೀರಿನ ಮಟ್ಟ ಅಪಾಯದ ಹಂತ ತಲುಪಿರುವುದರಿಂದ ನಾಗರಿಕರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು,” ಎಂದು ಓದಿ ಮುಗಿಸಿ ಶಾಲೆಯ ಆಯಾ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಸಾರ್, ಇದನ್ನ ಓದಿ ಮುಗಿಸೋ ಅಷ್ಟರಲ್ಲಿ ನೀರು ಅಡುಗೆಮನೆಗೆ ಬಂದಿರುತ್ತೆ.”

ಅಭಿವೃದ್ಧಿ ಮಂಡಳಿಯ ಎಂಜಿನಿಯರು ನಕ್ಕ. ರೆಕಾರ್ಡಿಂಗಿನಲ್ಲಿ ಹೊರಗಿನ ಗದ್ದಲ ಕೇಳಬಾರದೆಂದು ಅವನು ಶಾಲೆಯ ಆಫೀಸಿನ ಕಿಟಕಿಗೆ ಕಂಬಳಿ ಕಟ್ಟಿದ್ದ. ಹೊಳೆಯ ಮೇಲ್ಭಾಗದಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಿಯಾಗಿತ್ತು. ನೀರು ಏರಿದರೆ ಅದು ತಾನಾಗಿಯೇ ಸಂದೇಶ ಕಳಿಸುತ್ತದೆ, ಕಂಬಗಳ ಮೇಲಿನ ಮೈಕುಗಳು ಮಾತಾಡುತ್ತವೆ. ಆದರೆ ಮೊದಲ ತಾಲೀಮಿನ ದಿನ ರಾಜಧಾನಿಯ ವಾರ್ತಾವಾಚಕಿಯ ದನಿ ಮೊಳಗಿದಾಗ, ಪಾತ್ರೆ ಮಾರುವವರು ಬಂದರೆಂದು ಹಲವರು ತೂತು ಬಿದ್ದ ತಪ್ಪಲೆ ಹಿಡಿದು ಬೀದಿಗೆ ಬಂದಿದ್ದರು. ಮಂಡಳಿ ತಲೆ ಕೆರೆದುಕೊಂಡು, ಊರಿನವರದೇ ದನಿ ಇರಲಿ ಎಂದಿತು. ಮೈದಾನದ ಆ ತುದಿಯ ಮಕ್ಕಳನ್ನು ಈ ತುದಿಯಿಂದ ಗದರಿಸುವ ಆಯಾಳಿಗಿಂತ ಗಟ್ಟಿ ಗಂಟಲು ಊರಲ್ಲಿ ಇನ್ನೊಂದಿರಲಿಲ್ಲ.

“ನಿಮ್ಮ ಮಾತಲ್ಲೇ ಹೇಳೀಮ್ಮಾ. ಅರ್ಥ ಕೆಡದಿದ್ರೆ ಸಾಕು.”

ಆಯಾಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಊರಿನ ಅತಿ ತಗ್ಗಿನ ಮನೆ, ನೀರು ಮೊದಲು ನುಗ್ಗುವ ಮನೆ, ಅವಳ ಅಕ್ಕನದು. ಬಟ್ಟೆ ಹೊಲಿದು ಬದುಕುವ ಒಂಟಿ ಹೆಂಗಸು. ಅಮ್ಮ ತೀರಿಹೋದಾಗಿನಿಂದ ಇಬ್ಬರಿಗೂ ಮಾತಿಲ್ಲ. ಅಮ್ಮ ಇದ್ದದ್ದು ಆಯಾಳ ಮನೆಯಲ್ಲಿ. ಕೊನೆಯ ದಿನ ಬೆಳಿಗ್ಗೆಯಿಂದಲೇ ಅಮ್ಮನ ಉಸಿರಾಟ ಕೆಟ್ಟಿದ್ದರೂ, ಅಕ್ಕನನ್ನು ಸುಮ್ಮನೆ ಗಾಬರಿಪಡಿಸುವುದೇಕೆ ಎಂದು ಆಯಾ ಹೇಳಿಕಳಿಸಲಿಲ್ಲ. ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಪ್ಪು ತನ್ನದೇ ಎಂದು ಆಯಾಳಿಗೆ ಗೊತ್ತು. ಅದನ್ನು ಹೇಳಲು ಹೋದಾಗಲೆಲ್ಲ ಅಕ್ಕ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಈಗ ಮೈಕಿನ ಸುದ್ದಿ ಕಿವಿಗೆ ಬಿದ್ದ ಮೇಲೆ, ಬಟ್ಟೆ ಕೊಡಲು ಬಂದವರೆದುರು ಅಕ್ಕ ಅಂದಳಂತೆ: “ಕರೀಬೇಕಾದಾಗ ಅವಳಿಗೆ ಬಾಯಿ ಬರಲಿಲ್ಲ. ಈಗ ಊರಿಗೆಲ್ಲ ಕೂಗ್ತಾಳಂತೆ. ಕೂಗಲಿ. ನೀರು ಕುತ್ತಿಗೆಗೆ ಬಂದ್ರೂ ನಾನು ಏಳಲ್ಲ.”

ಅಕ್ಕ ಹಟಕ್ಕೆ ಬಿದ್ದರೆ ಬಿದ್ದಳೇ. ಆಯಾಳಿಗೆ ನಿಜಕ್ಕೂ ಭಯವಾಗಿತ್ತು.

ಎಂಜಿನಿಯರು ಗುಂಡಿ ಒತ್ತಿ ಕೈಸನ್ನೆ ಮಾಡಿದ.

“ಹೊಳೆ ಏರ್ತಾ ಇದೆ! ಎಲ್ಲಾ ಬಿಟ್ಟು ಶಾಲೆ ಹತ್ರ ಬನ್ನಿ!” ಎಂದಳು ಆಯಾ. ಆಮೇಲೆ ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕೂಗಿದಳು: “ಅಕ್ಕಾ, ಏಳೇ! ಬೇಗ ಬಾರೇ!”

ಎಂಜಿನಿಯರು ತಲೆಯೆತ್ತಿದ. “ಕೊನೇದು ಜಾಸ್ತಿ ಆಯ್ತಲ್ಲ?”

“ಈ ತಾಲೀಮಿಗೆ ಇರಲಿ ಸಾರ್. ಆಮೇಲೆ ಬೇಡ ಅಂದ್ರೆ ತೆಗೀರಿ.”

ಎರಡನೇ ತಾಲೀಮಿನ ದಿನ ಮೈಕು ಕೂಗಿದ್ದೇ ತಡ, ಜನ ದಡಬಡನೆ ಶಾಲೆಯ ಗುಡ್ಡ ಹತ್ತಿದರು. ಮಕ್ಕಳು, ಮುದುಕರು, ಕಂಕುಳಲ್ಲಿ ಕೋಳಿಗಳು. ಟೀವಿ ಬಿಟ್ಟು ರಿಮೋಟ್ ಮಾತ್ರ ಹಿಡಿದು ಬಂದ ಪುಣ್ಯಾತ್ಮನೂ ಒಬ್ಬನಿದ್ದ. ಆಯಾ ಶಾಲೆಯ ಗೇಟಿನಲ್ಲಿ ನಿಂತು ಪ್ರತಿಯೊಬ್ಬರ ಮುಖ ನೋಡಿದಳು. ಅಕ್ಕ ಇರಲಿಲ್ಲ. ಕೆಳಗೆ ಆಯಾಳದೇ ದನಿ ಮತ್ತೆ ಮತ್ತೆ ಕೂಗುತ್ತಿತ್ತು. ದಾರಿ ಖಾಲಿಯಾಯಿತು. ಆಯಾಳ ಕೈ ಗೇಟಿನ ಸರಳನ್ನು ಬಿಡಲಿಲ್ಲ.

ಕೊನೆಗೆ ತಿರುವಿನಲ್ಲಿ ಒಂದು ತಲೆ ಕಂಡಿತು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಅಕ್ಕ ಏದುಸಿರು ಬಿಡುತ್ತ ಬಂದಳು.

“ನಾಚಿಕೆ ಇಲ್ವೇನೇ ನಿನಗೆ? ಕಂಬದ ಮೇಲಿಂದ ಅಕ್ಕಾ ಅಕ್ಕಾ ಅಂತ ಅರಚ್ತೀಯಲ್ಲ! ಊರೆಲ್ಲ ನನ್ನ ಬಾಗಿಲನ್ನೇ ನೋಡ್ಕೊಂಡು ಹೋಯ್ತು.”

“ಅವತ್ತು ಕರೀಲಿಲ್ಲ ಅಲ್ವಾ…” ಎಂದು ಆಯಾ ಗೇಟಿನ ಸರಳು ಬಿಟ್ಟು ಅಕ್ಕನಿಗೆ ದಾರಿ ಮಾಡಿಕೊಟ್ಟಳು.

ಎಂಜಿನಿಯರು ಹುರುಪಿನಿಂದ ಬಂದ. “ಎಲ್ಲಾ ಬಂದ್ರು! ಆ ಕೊನೇ ಮಾತು ಮಾತ್ರ ಕತ್ತರಿಸಿಬಿಡ್ತೀನಿ.”

ಆಯಾ ತಲೆ ತಗ್ಗಿಸಿದಳು.

“ಕತ್ತರಿ ಹಿಡಿಯೋಳು ನಾನು,” ಎಂದು ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. “ಅದು ಇದ್ದ ಹಾಗೇ ಇರಲಿ.”

ಮೈಕು ಇನ್ನೊಮ್ಮೆ ಕೂಗಿ ಸುಮ್ಮನಾಯಿತು. ಅಕ್ಕ ಜಗಲಿಯ ಬೆಂಚಿನ ಮೇಲೆ ಕುಳಿತು, ಟೇಪನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಾಗುವಷ್ಟು ಆಚೆ ಸರಿದಳು.