ಟೀವಿ ಮುಂದಿನ ವಿಶ್ರಾಂತಿ

ಮಹಾಲಿಂಗಪುರದ ತಮ್ಮ ಬೆಲ್ಲದ ಅಂಗಡಿಯಲ್ಲಿ ಅಂದಾನೆಪ್ಪ ತಲೆಸುತ್ತಿ ಬಿದ್ದ ಮೇಲೆ ಮನೆಯ ಟೀವಿ ಬಂದ್ ಆಗುವುದೇ ನಿಂತುಹೋಯಿತು. ಚೆನ್ನಾಗಿ ನಿದ್ದೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅಂದಾನೆಪ್ಪ ವಿಶ್ರಾಂತಿಯನ್ನಷ್ಟೇ ಹಿಡಿದುಕೊಂಡರು, ನಿದ್ದೆಯನ್ನು ಬಿಟ್ಟರು.

"ಟೀವಿ ಮುಂದ ಕುಂತ್ರ ಮೆದಳ ನಿದ್ದ್ಯಾಗಿನಕಿಂತ ಕಡಿಮಿ ಕೆಲಸಾ ಮಾಡತೈತಂತ. ಮೊಬೈಲಿನ್ಯಾಗ ಬಂದೈತಿ," ಎಂದು ಸೊಸೆಯ ಮುಂದೆ ಫೋನು ಹಿಡಿದರು.

ಸೊಸೆ ಶೈಲಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. "ಮಾವಾರ, ಅದು ಸುಳ್ಳರಿ. ಟೀವಿ ನೋಡೂ ಮುಂದ ಮೆದಳ ಪೂರಾ ಎಚ್ಚರ ಇರತೈತಿ, ಕಣ್ಣು ಕಿವಿ ಎಲ್ಲಾ ದುಡೀತಾವು. ನಿದ್ದ್ಯಾಗ ಅದಕ್ಕ ಬ್ಯಾರೆನ ಕೆಲಸ ಇರತೈತಿ. ಅದರ ಬದಲಿಗೆ ಇದು ನಡಿಯೂದಿಲ್ರಿ."

"ಕೆಲಸ ಇರತೈತಿ ಅಂತ ನೀನ ಅಂದಿ. ಮತ್ತ ಮಲಗಿ ಯಾಕ ದಣೀಲಿ?"

ಮಕ್ಕಳಿಗಾದರೆ ಮತ್ತೊಮ್ಮೆ ಹೇಳಬಹುದಿತ್ತು. ಮಾವನಿಗೆ ಹೇಳಿ ಹೇಳಿ ಶೈಲಾಳ ಗಂಟಲು ಕಟ್ಟಿತು. ಅಷ್ಟರಲ್ಲಿ ಆ ಮೊಬೈಲಿನ ಸುದ್ದಿ ಪೇಟೆಯನ್ನೆಲ್ಲ ಸುತ್ತಿ ಬಂದು, ಸಂತೆಯಲ್ಲಿ ಬದನೆಕಾಯಿ ಮಾರುವವಳೂ ಅದನ್ನೇ ಶೈಲಾಳಿಗೆ ತಿಳಿಸಿಕೊಟ್ಟಳು.

ಅಂದಾನೆಪ್ಪನವರಿಗೆ ಮತ್ತೆ ತಲೆ ಸುತ್ತಿತು. ತಲೆಗೆ ತಂತಿ ಅಂಟಿಸಿ ಮಾಡುವ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟರು. ಶೈಲಾ ರಜೆ ಹಾಕಿ, ಮಾವನನ್ನು ಕರೆದುಕೊಂಡು ಜಮಖಂಡಿ ಆಸ್ಪತ್ರೆಗೆ ಬಸ್ಸು ಹತ್ತಿದಳು. ಪರೀಕ್ಷೆಯ ಹಿಂದಿನ ದಿನ ಕಡಿಮೆ ಮಲಗಬೇಕೆಂದು ಆಸ್ಪತ್ರೆಯವರೇ ಹೇಳಿದ್ದರಿಂದ ಅವರು ಬೆಳಗಾಗುವ ತನಕ ಟೀವಿ ನೋಡಿ, ಕಣ್ಣು ಕೆಂಪಗೆ ಮಾಡಿಕೊಂಡಿದ್ದರು.

ಪರೀಕ್ಷೆ ಮಾಡುವ ಸಿದ್ಧಾರ್ಥ ಅವರನ್ನು ಮಲಗಿಸಿ, ತಲೆಯ ತುಂಬ ತಂತಿ ಅಂಟಿಸಿ, "ಈಗ ನಿದ್ದಿ ಮಾಡ್ರಿ ಅಜ್ಜಾರ," ಎಂದ. ಅಂದಾನೆಪ್ಪ ಮೇಲಿನ ಫ್ಯಾನು ನೋಡುತ್ತ ಮಲಗಿದರು. ಕಣ್ಣು ಮುಚ್ಚುತ್ತಿದ್ದಂತೆ ಬೆಚ್ಚಿ ತೆರೆಯುತ್ತಿದ್ದರು.

ಶೈಲಾಳ ತಾಳ್ಮೆ ಮುಗಿಯಿತು. "ಮಾವಾರ, ನಿಮಗ ಕೈ ಮುಗಿತೇನ್ರಿ, ಸ್ವಲ್ಪ ಕಣ್ಣು ಮುಚ್ಚರಿ."

ಅವರು ಸಣ್ಣ ದನಿಯಲ್ಲಿ ಹೇಳಿದರು: "ಅಂಗಡ್ಯಾಗ ಬಿದ್ದಾಗ ಎಲ್ಲಾ ಒಮ್ಮೆಲೆ ಕತ್ತಲಾತಬೇ. ನಿದ್ದಿ ಬರೂ ಮುಂದನೂ ಹಂಗ ಅನಸತೈತಿ. ಟೀವಿ ದನಿ ಕೇಳಾಕತ್ತಿದ್ರ, ನಾ ಇನ್ನೂ ಜೀವಂತ ಅದೇನಿ ಅಂತ ಗೊತ್ತಾಗತೈತಿ."

 ಇಷ್ಟು ದಿನ ಶೈಲಾ ಜಗಳವಾಡಿದ್ದು ಮೊಬೈಲಿನ ಸುಳ್ಳಿನ ಜೊತೆ. ಈ ಮನುಷ್ಯ ಹೆದರಿಕೊಂಡಿದ್ದಾನೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ ಎಂಬ ಸಿಟ್ಟೂ ಬಂತು. ಕುರ್ಚಿ ಎಳೆದುಕೊಂಡು ಯಂತ್ರದ ಪರದೆಯ ಮುಂದೆ ಕುಳಿತಳು.

"ಇಲ್ಲಿ ನಿಮ್ಮ ಮೆದಳಿನ ಗೆರಿ ಓಡಾಕತ್ತಾವ್ರಿ. ನಾ ನೋಡ್ಕೋತ ಕುಂದರತೇನಿ. ನೀವು ಮಲಗ್ರಿ."

ಅಂದಾನೆಪ್ಪ ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆದರು.

ಅವರು ಎದ್ದ ಮೇಲೆ ಸಿದ್ಧಾರ್ಥ ಪರದೆಯನ್ನು ಅವರ ಕಡೆ ತಿರುಗಿಸಿದ. ಎಚ್ಚರವಿದ್ದಾಗಿನ ಗೆರೆಗಳು ಸಣ್ಣಗೆ, ಒತ್ತೊತ್ತಾಗಿ ಗಡಿಬಿಡಿಯಲ್ಲಿದ್ದವು; ನಿದ್ದೆಯವು ದೊಡ್ಡದಾಗಿ, ಸಾವಕಾಶವಾಗಿ ಏರಿ ಇಳಿದಿದ್ದವು.

"ಅಂದ್ರ ನಿದ್ದ್ಯಾಗ ಮೆದಳ ಬಂದ್ ಆಗೂದಿಲ್ಲ?"

"ಇಲ್ರಿ ಅಜ್ಜಾರ. ಕೆಲಸದ ರೀತಿ ಬ್ಯಾರೆ ಆಗತೈತಿ, ಅಷ್ಟ."

ಅಂದಾನೆಪ್ಪ ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು.

ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಡಾಕ್ಟರು ಬಿಪಿ ಗುಳಿಗೆ ಬದಲಿಸಿದರು, ತಲೆಸುತ್ತು ನಿಂತಿತು. ಆದರೆ ಶೈಲಾಳ ಗೋಳು ನಿಲ್ಲಲಿಲ್ಲ. ಅಂದಾನೆಪ್ಪ ಈಗ ದೀಪ ಹಚ್ಚುವ ಹೊತ್ತಿಗೇ ಊಟ ಮುಗಿಸಿ ಹಾಸಿಗೆ ಸೇರುತ್ತಾರೆ. ಮನೆಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ.

"ಮೆದಳ ಕೆಲಸಾ ಮಾಡೂ ಹೊತ್ತು," ಎನ್ನುತ್ತಾರೆ ಮುಸುಕಿನೊಳಗಿಂದ. "ಮಿಕ್ಸರ್ ಹಚ್ಚಬ್ಯಾಡ."

ಶೈಲಾ ಹಲ್ಲು ಕಡಿದು, ಹುರಿದ ಶೇಂಗಾ ಮತ್ತು ಮಿಕ್ಸರಿನ ಜಾರು ಎತ್ತಿಕೊಂಡು, ಚಟ್ನಿ ರುಬ್ಬಲು ಪಕ್ಕದ ಮನೆಗೆ ನಡೆದಳು.