ಎಣ್ಣೆ ನೆತ್ತಿ, ಬೆಳ್ಳಿ ಬಟ್ಟಲು

ನಾನು ಒಂದು ಬಟ್ಟಲು. ಉಣ್ಣುವ ಬಟ್ಟಲಲ್ಲ, ಹಣೆಬೊಟ್ಟಿನಷ್ಟು ಅಗಲ, ಬೆಳ್ಳಿಯ ಲೇಪ, ಬೆನ್ನಿಗೊಂದು ಉದ್ದನೆಯ ವೈರು. ತಲೆಗೆ ಅಂಟಿಕೊಂಡು ಮಿದುಳಿನ ಮಿಡಿತವನ್ನು ಇ.ಇ.ಜಿ. ಯಂತ್ರಕ್ಕೆ ಮುಟ್ಟಿಸುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಹುಟ್ಟಿದೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ದುಡಿದೆ, ಹಳೆಯದಾದ ಮೇಲೆ ಹುಬ್ಬಳ್ಳಿಯ ಸಣ್ಣ ಆಸ್ಪತ್ರೆಯಲ್ಲಿ ಇದೇ ಯಂತ್ರ ನಡೆಸುವ ಶಬಾನಾಳ ಕೈ ಸೇರಿದೆ.

ಅಲ್ಲಿಗೆ ಬಂದಳು ಆರು ತಿಂಗಳ ಸಿಂಚನಾ. ನಿದ್ದೆಯಿಂದೇಳುವಾಗೆಲ್ಲ ಕೈಕಾಲು ಮುದುಡಿ ಬೆಚ್ಚುತ್ತಿತ್ತು ಕೂಸು, ನಗುವುದನ್ನೂ ಮರೆತಿತ್ತು. ತಾಯಿ ಮಂಗಲಾ ಎಷ್ಟು ರಾತ್ರಿ ಮಲಗಿಲ್ಲವೋ! ಶಬಾನಾ ನನ್ನನ್ನು ನೆತ್ತಿಗೆ ಒತ್ತಿದಳು. ಜಾರಿದೆ. ಮತ್ತೆ ಒತ್ತಿದಳು. ಮತ್ತೆ ಜಾರಿದೆ.

"ಆಯಿ, ಎಣ್ಣಿ ಹಚ್ಚೀರೇನ್ರಿ?"

"ಹಚ್ಚದ ತರ್ತಾರೇನವ್ವಾ? ನೆತ್ತಿ ತಂಪಾಗ್ಲಿ ಅಂತ ಬಟ್ಟಲ ತುಂಬ ಹರಳೆಣ್ಣಿ ಕುಡಿಸೀನಿ," ಎಂದಳು ಅಜ್ಜಿ ಶಾವಂತ್ರೆವ್ವ, ಹೆಮ್ಮೆಯಿಂದ.

"ಕೂಸಿನ ತಲಿ ತಂಪಾತು, ನನ್ನ ತಲಿ ಬಿಸಿ ಆತು. ತೊಳ್ಕೊಂಡ್ ಬರ್ರಿ!"

ತೊಳೆದರೆ ಕೂಸಿನ ನಿದ್ದೆ ಹಾರಿಹೋಯಿತು. ಮಲಗದೆ ಪರೀಕ್ಷೆ ಆಗದು. ಕೊನೆಗೆ ಅಜ್ಜಿಯೇ ನೆಲಕ್ಕೆ ಕೂತು, ನೀರು ಎರೆಯುವಾಗಿನಂತೆ ಚಾಚಿದ ಕಾಲ ಮೇಲೆ ಹಾಕಿಕೊಂಡು ತೂಗಿ ಮಲಗಿಸಿದಳು. ನಾನೂ ನನ್ನ ಜೊತೆಯ ಬಟ್ಟಲುಗಳೂ ಅಲ್ಲೇ ಅಂಟಿಕೊಂಡೆವು. ಪರದೆಯ ಮೇಲೆ ಗೆರೆಗಳು ತಾಳತಪ್ಪಿ ಕುಣಿದವು. ಶಬಾನಾ ಡಾಕ್ಟರನ್ನು ಕರೆದಳು.

ಡಾಕ್ಟರು ಮಿದುಳಿನ ಸ್ಕ್ಯಾನ್ ನೋಡಿದರು. "ಚಿತ್ರ ಚಲೋ ಅದ. ಈ ಫಿಟ್ಸಿಗೆ ಔಷಧ ಶುರು ಮಾಡೂಣು. ಎರಡು ವಾರಕ್ಕ ಈ ಗೆರಿನೂ ತಣ್ಣಗಾದ್ರ, ಕೂಸು ಕೂಡ್ತದ, ನಡೀತದ, ಮಾತಾಡ್ತದ ಅನ್ನೋ ಭರವಸೆ ಹೆಚ್ಚು. ಆಗ್ಲಿಲ್ಲಂದ್ರ ಹಾದಿ ಕಷ್ಟ."

ಎರಡು ವಾರಕ್ಕೆ ಮತ್ತೆ ಬಂದರು. ಕೂಸಿನ ಕೂದಲು ಜೋಳದ ರವದಿಯಂತೆ ಒಣಗಿ ನಿಂತಿತ್ತು.

"ಅವತ್ತಿಂದ ಹನಿ ಎಣ್ಣಿ ಮುಟ್ಟಿಸಿಲ್ಲ ತಂಗಿ. ಓಣ್ಯಾಗ ಎಲ್ಲಾರೂ ನಗ್ತಾರ. ನಗ್ಲಿ," ಎಂದಳು ಅಜ್ಜಿ.

ಈ ಸಲ ಬಿಗಿಯಾಗಿ ಅಂಟಿದೆ. ಕೇಳಿಸಿದ್ದನ್ನು ಮುಟ್ಟಿಸುವುದಷ್ಟೇ ನನ್ನ ಪಾಲು, ಬದಲಿಸಲಾರೆ. ಆದರೆ ಅಂದು ನನ್ನ ಕೆಳಗೆ ಗದ್ದಲವೇ ಇರಲಿಲ್ಲ. ಗಾಳಿ ನಿಂತ ಮೇಲಿನ ಕೆರೆಯಂತಿತ್ತು.

ಡಾಕ್ಟರು ನಕ್ಕರು. ಮಂಗಲಾ ಗೋಡೆಗೊರಗಿ ಕೂತಳು. ಅಳು, ನಗು, ಆಕಳಿಕೆ ಒಟ್ಟಿಗೇ ಬಂದವು. ಅಜ್ಜಿ ಕೇಳಿದ್ದೊಂದೇ: "ಹಂಗಾರ ಇನ್ನ ಎಣ್ಣಿ ಹಚ್ಚಲೇನ್ರಿ?"

ವರ್ಷಗಳು ಕಳೆದು ಈಗ ನನ್ನ ಬೆಳ್ಳಿ ಸವೆದಿದೆ, ವೈರು ಒಳಗೇ ಕಡಿದಿದೆ. ಶಬಾನಾಳ ಡ್ರಾವರಿನ ಮೂಲೆಯಲ್ಲಿ ಬಿದ್ದುಕೊಂಡಿದ್ದೇನೆ. ಮೊನ್ನೆ ಪುಟ್ಟ ಕೈಯೊಂದು ಡ್ರಾವರ್ ಎಳೆದು ನನ್ನನ್ನು ಎತ್ತಿತು.

"ಆಯೀ, ಇದೇನ?"

ಸಿಂಚನಾ! ಅಜ್ಜಿಯೊಂದಿಗೆ ತಪಾಸಣೆಗೆ ಬಂದವಳು ತನ್ನ ಕಾಲ ಮೇಲೆ ತಾನೇ ನಿಂತಿದ್ದಳು. ಮಿರಿಮಿರಿ ಮಿಂಚುವ ತಲೆ, ಬೆರಳ ತುಂಬ ಹರಳೆಣ್ಣೆ. ನಾನು ಜಾರಿ ನೆಲಕ್ಕೆ ಬಿದ್ದೆ. ಜಾರಿದ್ದಕ್ಕೆ ಇಷ್ಟು ನೆಮ್ಮದಿ ನನಗೆಂದೂ ಆಗಿರಲಿಲ್ಲ.